ಬೇಡಿಕೆ ಸೊನ್ನೆ

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅರಸೀಕೆರೆಯಲ್ಲಿ ನಾನು ದುಡಿದ ಆಸ್ಪತ್ರೆಯ ಔಷಧ ಉಗ್ರಾಣಕ್ಕೆ ಹೊಸದಾಗಿ ಸೇರಿದವರು. ಕಾಫಿ ಕುಡಿಯುತ್ತಾ ಅವರಲ್ಲೊಬ್ಬಳು, "ಮೇಡಂ, ಏನು ತರಿಸ್ಬೇಕು, ಎಷ್ಟು ತರಿಸ್ಬೇಕು ಎಲ್ಲಾ ಸಿಸ್ಟಮ್ಮೇ ಹೇಳತ್ತೆ. ನಾವು ಓಕೆ ಒತ್ತೋದಷ್ಟೇ. ನಿಮ್ಮ ಕಾಲದಲ್ಲಿ ದಿನಪೂರ್ತಿ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ಕುಹಕದ ಮಾತಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು. ನಾನು ಏನೋ ಹೇಳಿದೆ. ಹೇಳಿದ್ದು ಸಾಲದು ಎಂದು ನನಗೇ ಅನ್ನಿಸಿತು. ಅವರು ಹೋದ ಮೇಲೆ ಇದನ್ನು ಬರೆಯಲು ಕುಳಿತೆ.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನಮ್ಮದು ದತ್ತಿ ಹಣದಲ್ಲಿ ನಡೆಯುತ್ತಿದ್ದ ಆಸ್ಪತ್ರೆ. ಮುಖ್ಯ ಕಟ್ಟಡ ಅರಸೀಕೆರೆಯಲ್ಲಿ. ಹಾರನಹಳ್ಳಿ, ಬೇಲೂರು, ಹಳೇಬೀಡುಗಳಲ್ಲಿ ಒಂದೊಂದು ಚಿಕ್ಕ ಚಿಕಿತ್ಸಾಲಯ. ಬಿ.ಕಾಂ. ಮುಗಿಸಿದ್ದ ನನ್ನನ್ನು ಉಗ್ರಾಣದ ಸಹಾಯಕಿಯಾಗಿ ತೆಗೆದುಕೊಂಡರು. ನಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು ನಾನೇ.

ಉಗ್ರಾಣದ ಮೇಲ್ವಿಚಾರಕರು ಶ್ರೀಕಂಠಯ್ಯನವರು. ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ಸದಾ ಒಂದು ಪುಟ್ಟ ಕತ್ತರಿ. ಮೊದಲ ದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹಿಂದಿನ ಮೆಟ್ಟಿಲ ಕಡೆಗೆ ಹೊರಟಿದ್ದೆ.

"ಅಲ್ಲೆಲ್ಲಿಗೆ ಹೋಗ್ತೀರಮ್ಮ? ಏನ್ ತಂದಿದೀರಿ?" ಎಂದರು.

"ಮುದ್ದೆ, ಹುರುಳಿಕಾಳಿನ ಸಾರು ಸಾರ್."

"ಹಾಗಾದ್ರೆ ಇಲ್ಲೇ ಕೂತ್ಕೊಳ್ಳಿ. ನಂಗೂ ಒಂಚೂರು ಸಾರು ಬಡಿಸಿ. ನಮ್ಮನೇಲಿ ಮೂರು ದಿನದಿಂದ ಬರೀ ತಿಳಿಸಾರು."

ನಮ್ಮದು ಬೌದ್ಧರಾದ ಮನೆ. ಅದಕ್ಕೆ ಮೊದಲು ನಮ್ಮನ್ನು ಯಾವ ಕೇರಿಯವರೆಂದು ಕರೆಯುತ್ತಿದ್ದರು ಎನ್ನುವುದು ಅವರಿಗೆ ಗೊತ್ತಿತ್ತು. ಆ ಸಾರಿನ ಬಗ್ಗೆ ಆಮೇಲೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಕೆಲಸ ಕಲಿಯುವ ಹೆದರಿಕೆ ಅವತ್ತೇ ಅರ್ಧ ಇಳಿಯಿತು.

ಆಗ ಕಂಪ್ಯೂಟರ್ ಇರಲಿಲ್ಲ. ಕಪಾಟಿನಲ್ಲಿ ಪ್ರತಿ ಔಷಧದ ಖಾನೆಯಲ್ಲಿ ಎದುರಿಗೆ ಒಂದು ರಾಶಿ, ಅದರ ಹಿಂದೆ ಕೆಂಪು ದಾರ ಕಟ್ಟಿದ ಒಂದು ಕಟ್ಟು ಇರುತ್ತಿತ್ತು. ಎದುರಿನದು ಖಾಲಿಯಾಗಿ ದಾರಕ್ಕೆ ಕತ್ತರಿ ಹಾಕಿದ ದಿನವೇ ಹೊಸ ಆರ್ಡರ್ ಹೋಗಬೇಕು. ಜೇಬಿನ ಕತ್ತರಿ ಇದ್ದದ್ದು ಅದಕ್ಕೆ. ದಾರ ಕಟ್ಟಿದ ಕಟ್ಟು ಎಷ್ಟು ದೊಡ್ಡದಿರಬೇಕು ಎನ್ನುವುದೇ ಈ ಕೆಲಸದ ವಿದ್ಯೆ.

"ಆರ್ಡರ್ ಹಾಕಿದ್ಮೇಲೆ ಮಾಲು ಬರೋಕೆ ಎಷ್ಟು ದಿನ, ಅಷ್ಟು ದಿನಕ್ಕೆ ನಮ್ಮಲ್ಲಿ ಎಷ್ಟು ಖರ್ಚು, ಅಷ್ಟು ಕಟ್ಟಿಡಿ. ಅದರ ಮೇಲೆ ಲಾರಿ ಕೆಡೋದಕ್ಕೊಂದಿಷ್ಟು, ಜ್ವರ ಹಬ್ಬೋದಕ್ಕೊಂದಿಷ್ಟು ಸೇರಿಸಿ" ಎನ್ನುತ್ತಿದ್ದರು. ಇವತ್ತಿನ ಯಾವ ದೊಡ್ಡ ಸಾಫ್ಟ್‌ವೇರಿನ ಒಳಗೂ ಇರುವುದು ಈ ಲೆಕ್ಕವೇ. ಅದನ್ನು ನಾನು ಮೊದಲು ಕಲಿತದ್ದು ದಾರ ಕತ್ತರಿಸುತ್ತಾ.

ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದಿಗೆ ಮಾತ್ರ ಅವರು ಈ ಲೆಕ್ಕ ಹಾಕುತ್ತಿರಲಿಲ್ಲ. ಖರ್ಚಾಗಲಿ, ಬಿಡಲಿ, ಇಂತಿಷ್ಟು ಇರಲೇಬೇಕು. ಒಂದು ವರ್ಷ ಅಷ್ಟೂ ಅವಧಿ ಮೀರಿ ಎಸೆಯಬೇಕಾಯಿತು. ಲೆಕ್ಕ ತಪಾಸಣೆಗೆ ಬಂದವರು ದಂಡದ ಖರೀದಿ ಎಂದು ಗೊಣಗಿದಾಗ ನಮ್ಮ ಮುಖ್ಯ ವೈದ್ಯೆ ಡಾಕ್ಟರ್ ವಸುಂಧರಾ, "ಈ ವರ್ಷ ನಮ್ಮ ಬಾಗಿಲಿಗೆ ಹಾವು ಕಚ್ಚಿದೋರು ಯಾರೂ ಬರ್ಲಿಲ್ಲ ಅಂತ ಬರ್ಕೊಳ್ಳಿ. ಸಂತೋಷದ ವಿಷ್ಯ ತಾನೇ?" ಎಂದು ನಕ್ಕು ಕಳಿಸಿದ್ದರು.

ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಬಂತು. ಅದರ ಪ್ರೋಗ್ರಾಂ ಬರೆದವನು ಹಾಸನದ ನಾಗರಾಜ, ಇನ್ನೂ ಮೀಸೆ ಸರಿಯಾಗಿ ಚಿಗುರದ ಎಂಜಿನಿಯರು. ಅವನು ಅದನ್ನು ಮೊದಲು ಬರೆದದ್ದು ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯೊಂದಕ್ಕಾಗಿ. ಅದನ್ನೇ ಸ್ವಲ್ಪ ತಿದ್ದಿ ನಮಗೆ ಹಾಕಿಕೊಟ್ಟಿದ್ದ. ಹಾಗಾಗಿ ಕೆಲವು ಪರದೆಗಳ ಮೇಲೆ ರೋಗಿ ಎನ್ನುವ ಕಡೆ 'ಕಸ್ಟಮರ್' ಎಂದೇ ಉಳಿದುಕೊಂಡಿತ್ತು.

ಶ್ರೀಕಂಠಯ್ಯನವರು ಕಂಪ್ಯೂಟರನ್ನು ದ್ವೇಷಿಸುತ್ತಾರೆಂದು ಎಲ್ಲರೂ ಎಣಿಸಿದ್ದರು. ಅವರು ಒಂದೇ ಬೆರಳಿನಲ್ಲಿ ಕುಟ್ಟುತ್ತಾ ನಮಗಿಂತ ಮೊದಲು ಕಲಿತರು. ಏನೇನು ತರಿಸಬೇಕೆಂಬ ಮೊದಲ ಪಟ್ಟಿ ಪ್ರಿಂಟರಿನಿಂದ ಕಿರ್ರೆಂದು ಹೊರಬಂದಾಗ ಅವರು ಅದನ್ನು ಪೂರ್ತಿ ಓದಿ, ಎದ್ದು ನಿಂತು ನಾಗರಾಜನ ಕೈ ಕುಲುಕಿದರು. "ಇಷ್ಟು ವರ್ಷ ನನ್ನ ತಲೇಲಿ ಹೊತ್ಕೊಂಡಿದ್ದನ್ನ ಈ ಪೆಟ್ಟಿಗೆಗೆ ಇಳಿಸಿದ್ರಲ್ಲಪ್ಪ. ಇನ್ನು ರಜಾ ಹಾಕಿದ್ರೂ ನಂಗೆ ನಿದ್ದೆ ಬರತ್ತೆ" ಎಂದರು.

ನಿದ್ದೆ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಸಲೈನ್ ಹೊತ್ತ ಲಾರಿ ಬಂದು ನಿಂತಿತು. ಇಳಿಸಿದರು, ಇಳಿಸಿದರು, ಇಳಿಸುತ್ತಲೇ ಇದ್ದರು. ಉಗ್ರಾಣ ತುಂಬಿತು, ಓಣಿ ತುಂಬಿತು, ಹೊರರೋಗಿಗಳು ಕೂರುವ ಜಗಲಿಯೂ ತುಂಬಿತು. ಆದದ್ದಿಷ್ಟೇ: ನಾವು ಸಲೈನನ್ನು ಖರ್ಚು ಮಾಡುವುದು ಬಾಟಲಿ ಲೆಕ್ಕದಲ್ಲಿ, ಕೊಳ್ಳುವುದು ಪೆಟ್ಟಿಗೆ ಲೆಕ್ಕದಲ್ಲಿ. ಪ್ರೋಗ್ರಾಮಿಗೆ ಈ ವ್ಯತ್ಯಾಸ ತಿಳಿಯದು. ಅದು ಬಾಟಲಿಗಳ ಸಂಖ್ಯೆಯನ್ನು ಅಚ್ಚು ಹಾಕಿತ್ತು, ಸರಬರಾಜುದಾರರು ಅಷ್ಟು ಪೆಟ್ಟಿಗೆಗಳನ್ನು ಕಳಿಸಿದ್ದರು.

"ಪೇಪರಲ್ಲಿ ನೀವೇ ಕೇಳಿದೀರಲ್ಲ ಸಾರ್, ಇನ್ನೊಂದು ಲೋಡ್ ನಾಳಿಕ್ ಬತ್ತದೆ" ಎಂದ ಲಾರಿಯವನು.

ಸುದ್ದಿ ಕೇಳಿ ನಾಗರಾಜ ಹಾಸನದಿಂದ ಓಡಿ ಬಂದ. ಕೆಲಸ ಹೋಯಿತೆಂದೇ ತಿಳಿದಿದ್ದ. ಶ್ರೀಕಂಠಯ್ಯನವರು ಒಂದು ಪೆಟ್ಟಿಗೆಯ ಮೇಲೆ ತಾವು ಕೂತು, ಇನ್ನೊಂದನ್ನು ಅವನ ಕಡೆ ತಳ್ಳಿದರು. "ಕೂತ್ಕೊಳ್ಳಿ ನಾಗರಾಜ್. ಇವತ್ತು ಆಸ್ಪತ್ರೇಲಿ ಕೂರೋಕೇನೂ ಕೊರತೆ ಇಲ್ಲ."

ಅವನು ನಗಲೂ ಆಗದೆ, ಅಳಲೂ ಆಗದೆ ಕೂತ. ಕಾಫಿ ತರಿಸಿದರು. ನಾಳೆಯ ಲೋಡನ್ನು ಫೋನ್ ಮಾಡಿ ನಿಲ್ಲಿಸಿದರು, ಬಂದದ್ದರಲ್ಲಿ ಬಹುಪಾಲನ್ನು ವಾಪಸು ಕಳಿಸಿದರು, ಉಳಿದದ್ದನ್ನು ಸುತ್ತಲಿನ ನರ್ಸಿಂಗ್ ಹೋಮುಗಳಿಗೆ ಹಂಚಿದರು. ನಾಗರಾಜ ಸಂಜೆಯೊಳಗೆ ಕೊಳ್ಳುವ ಅಳತೆ, ಖರ್ಚಿನ ಅಳತೆ ಎಂದು ಎರಡು ಕಾಲಂ ಮಾಡಿದ. ತಪ್ಪು ಮಾಡಿದವನನ್ನು ಕೂರಿಸಿ, ಅವನಿಂದಲೇ ತಪ್ಪನ್ನು ತಿದ್ದಿಸುವುದನ್ನು ನಾನು ಅವತ್ತು ಕಂಡೆ. ಅದಾದ ಮೇಲೆ ಪಟ್ಟಿಯಲ್ಲಿ ಯಾವ ಅಂಕಿ ಕಂಡರೂ, ಇದು ನಿಜವಾಗಿ ಬಂದಿಳಿದರೆ ಎಷ್ಟು ಜಾಗ ಹಿಡಿದೀತು ಎಂದು ಕಣ್ಣಿಗೆ ತಂದುಕೊಳ್ಳುವುದು ನನಗೆ ಅಭ್ಯಾಸವಾಯಿತು.

ಕೆಲವು ದಿನಗಳ ಮೇಲೆ ಶ್ರೀಕಂಠಯ್ಯನವರು ಕೆಲಸ ಬಿಟ್ಟು ಮೈಸೂರಿಗೆ ಮಗಳ ಮನೆಗೆ ಹೋದರು. ಅವರ ಕುರ್ಚಿ ನನ್ನದಾಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಅದರ ಒಂದು ಕಾಲು ಗಿಡ್ಡವಾಗಿತ್ತು.

ಆ ಹೊತ್ತಿಗೆ ಚಿಕಿತ್ಸಾಲಯಗಳಿಗೆ ಕಳಿಸುವ ಔಷಧವನ್ನೂ ಕಂಪ್ಯೂಟರೇ ನಿರ್ಧರಿಸುತ್ತಿತ್ತು. ಮೊದಲೆಲ್ಲ ಅಲ್ಲಿನ ನರ್ಸುಗಳು ಬೇಕಾದ್ದನ್ನು ಬರೆದು ಕಳಿಸುತ್ತಿದ್ದರು. ಈಗ ಆ ಬರವಣಿಗೆ ತಪ್ಪಿತ್ತು. ಅವರು ಏನು ಕೊಟ್ಟರೆಂದು ವಾರಕ್ಕೊಮ್ಮೆ ತಿಳಿಸಿದರೆ ಸಾಕು. ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು ಮುಂದಿನ ವಾರಕ್ಕೆ ಇಷ್ಟಿಷ್ಟು ಎಂದು ಅದು ಪಟ್ಟಿ ಕೊಡುತ್ತಿತ್ತು. ವ್ಯಾನು ಅದರಂತೆ ತುಂಬಿಕೊಂಡು ಹೋಗುತ್ತಿತ್ತು. ಎಲ್ಲರಿಗೂ ಆರಾಮವೇ ಆಗಿತ್ತು.

ಒಂದು ವಾರದ ಪಟ್ಟಿಯಲ್ಲಿ ಹಳೇಬೀಡಿಗೆ ಸುಟ್ಟ ಗಾಯದ ಮುಲಾಮು ಬಹಳ ಹೆಚ್ಚಾಗಿ ಬಂತು. ಅದರ ಹಿಂದಿನ ವಾರವೂ ಏರಿತ್ತು. ಮತ್ತೆ ಅಳತೆಯ ತಪ್ಪಿರಬಹುದೇ ಎಂದು ಅಲ್ಲಿನ ನರ್ಸ್ ಸರೋಜಮ್ಮನಿಗೆ ಫೋನ್ ಮಾಡಿದೆ.

"ತಪ್ಪೇನಿಲ್ಲ ಮೇಡಂ, ಒಬ್ರಿಗೆ ದಿನಾ ಡ್ರೆಸ್ಸಿಂಗ್ ಮಾಡ್ತಿದೀನಿ. ದೊಡ್ಡ ಗಾಯ" ಎಂದರು ಅವರು.

ಲೆಕ್ಕಕ್ಕೆ ಅಷ್ಟು ಸಾಕಿತ್ತು. ಆದರೆ ಅಲ್ಲಿನ ದಾಸ್ತಾನು ಎಣಿಸುವ ಕೆಲಸವೂ ಬಾಕಿಯಿತ್ತು; ಮಾರನೆಯ ಬೆಳಿಗ್ಗೆ ನಾನೇ ವ್ಯಾನ್ ಹತ್ತಿದೆ.

ನಾನು ಹೋದಾಗ ಸರೋಜಮ್ಮ ಬ್ಯಾಂಡೇಜ್ ಬಿಚ್ಚುತ್ತಿದ್ದರು. ಮುಂದೆ ಕೂತಿದ್ದವರು ಜಯಮ್ಮ. ಬಸ್ ನಿಲ್ದಾಣದ ಹತ್ತಿರ ಚಿಕ್ಕ ಹೋಟೆಲ್ ಇಟ್ಟುಕೊಂಡಿದ್ದವರು. ದೇವಸ್ಥಾನ ನೋಡಲು ಬರುವ ಶಾಲಾ ಮಕ್ಕಳ ಗುಂಪುಗಳಿಗೆಲ್ಲ ಅವರದೇ ಚಿತ್ರಾನ್ನ. ಅವರ ಬಲಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು.

"ಹೆಂಗಾಯ್ತಮ್ಮ?" ಎಂದೆ.

"ಒಲೆ ಮುಂದೇನೆ ಬಿದ್ಬುಟ್ಟೆ ಕಣವ್ವ. ಮೊದ್ಲು ಬತ್ತಿತ್ತಲ್ಲ ಫಿಟ್ಸು, ಅದು ತಿರ್ಗ ಬಂತು. ನಿಂತೋಗಿ ಎಲ್ಡು ವರ್ಸ ಆಗಿತ್ತು."

"ಮಾತ್ರೆ ತಗೋತಿರ್ಲಿಲ್ವಾ?"

"ಮಾತ್ರೆ ಎಲ್ಲೈತೆ? ನೀವೇ ಕೊಡೋದ ನಿಲ್ಸಿದ್ರಲ್ಲ. ಬಂದೆ, ಇಲ್ಲ ಅಂದ್ರು. ತಿರ್ಗ ಬಂದೆ, ಇಲ್ಲ ಅಂದ್ರು. ಆಮ್ಯಾಕೆ ಬರ್ನಿಲ್ಲ. ಹೋಟ್ಲು ಮುಚ್ಚಿ ಬಂದು ಇಲ್ಲ ಅನ್ನೋ ಮಾತ ಎಷ್ಟು ಸಲ ಕೇಳಾನ?"

ಸರೋಜಮ್ಮ ಕೈ ನಿಲ್ಲಿಸಿ ನನ್ನತ್ತ ನೋಡಿದರು. "ಕಂಪನಿಯಿಂದ್ಲೇ ಬರ್ತಿಲ್ಲ ಅಂತ ಬೇಸಿಗೇಲಿ ಹೇಳಿದ್ರಲ್ಲ ಮೇಡಂ. ವ್ಯಾನಲ್ಲಿ ಬರ್ಲಿಲ್ಲ, ಇನ್ನೂ ಬಂದಿಲ್ವೇನೋ ಅನ್ಕೊಂಡೆ."

ಅವರು ಹೇಳಿದ್ದು ಸರಿಯೇ. ಆ ಬೇಸಿಗೆಯಲ್ಲಿ ಆ ಮಾತ್ರೆ ಎಲ್ಲೂ ಸಿಗುತ್ತಿರಲಿಲ್ಲ. ಆಮೇಲೆ ಬಂತು. ಅರಸೀಕೆರೆಯ ನಮ್ಮ ಕಪಾಟು ತುಂಬಿ ತಿಂಗಳ ಮೇಲಾಗಿತ್ತು. ಆದರೆ, ಬೇರೆ ಎರಡು ಕಡೆ ಹಳೆಯ ದಾಸ್ತಾನು ಸ್ವಲ್ಪ ಉಳಿದಿದ್ದರೂ, ಅದು ಬರುವ ಹೊತ್ತಿಗೆ ಹಳೇಬೀಡಿನಲ್ಲಿ ಮೂರು ತಿಂಗಳಿಂದ ಆ ಮಾತ್ರೆ ಇರಲಿಲ್ಲ. ಇರಲಿಲ್ಲವಾದ್ದರಿಂದ ಯಾರಿಗೂ ಕೊಟ್ಟಿರಲಿಲ್ಲ. ಯಾರಿಗೂ ಕೊಡದ್ದರಿಂದ ಸರಾಸರಿ ಸೊನ್ನೆಯಾಗಿತ್ತು. ಸರಾಸರಿ ಸೊನ್ನೆಯೆಂದು ಪ್ರೋಗ್ರಾಂ ಒಂದನ್ನೂ ಕಳಿಸಿರಲಿಲ್ಲ. ಕಳಿಸದ ಮೇಲೆ ಮುಂದಿನ ತಿಂಗಳೂ ಸೊನ್ನೆಯೇ.

ಆ ವಾರದ ಪಟ್ಟಿ ನನ್ನ ಕೈಯಲ್ಲೇ ಇತ್ತು. ಒಂದು ಸಾಲಿನಲ್ಲಿ ಮುಲಾಮು ಹೆಚ್ಚು ಕಳಿಸಿ ಎಂದಿತ್ತು. ಕೆಳಗಿನ ಇನ್ನೊಂದು ಸಾಲಿನಲ್ಲಿ ಫಿಟ್ಸ್ ಮಾತ್ರೆಯ ಮುಂದೆ ಬೇಡಿಕೆ ಸೊನ್ನೆ ಎಂದಿತ್ತು. ಎರಡೂ ಸಾಲು ನನ್ನೆದುರು ಕೂತಿದ್ದ ಒಬ್ಬಳೇ ಹೆಂಗಸಿನ ಕುರಿತಾದವು.

ಅಲ್ಲಿಂದಲೇ ಡಾಕ್ಟರ್ ವಸುಂಧರಾ ಅವರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಲ್ಲಿ ಆ ಮಾತ್ರೆ ತಗೋತಿದ್ದೋರು ಇನ್ನೂ ಯಾರ್ಯಾರು?" ಎಂದರು. ಸರೋಜಮ್ಮ ಹೆಸರುಗಳನ್ನು ಬಾಯಲ್ಲೇ ಹೇಳಿದರು. ಹತ್ತರ ಆಸುಪಾಸು ಜನ.

"ಅವರು ಬರೋವರ್ಗೂ ಕಾಯೋದು ಬೇಡ. ನಾಳೆ ನಾವೇ ಹೋಗೋಣ. ನೀವು ಅಲ್ಲೇ ಇರಿ" ಎಂದರು ಡಾಕ್ಟರು. ಆ ರಾತ್ರಿ ನಾನು ಸರೋಜಮ್ಮನ ಮನೆಯಲ್ಲಿ ಉಳಿದೆ.

ಮರುದಿನ ಅವರು ಮಾತ್ರೆಗಳ ಜೊತೆಗೆ ಜೀಪಿನಲ್ಲಿ ಬಂದರು. ಮೊದಲು ಜಯಮ್ಮನನ್ನು ಪರೀಕ್ಷಿಸಿ ಮಾತ್ರೆ ಶುರು ಮಾಡಿದರು. ಆಮೇಲೆ ಡಾಕ್ಟರು, ಸರೋಜಮ್ಮ, ನಾನು ಮೂವರೂ ಉಳಿದವರ ಮನೆಗಳಿಗೆ ಹೊರಟೆವು. ಒಬ್ಬರು ಬೇಸಿಗೆ ಕಳೆದ ಮೇಲೆ ಹಾಸನಕ್ಕೆ ಹೋದಾಗಲೆಲ್ಲ ಮಾತ್ರೆ ಕೊಂಡು ತಂದು, ಮುಗಿಯಬಾರದೆಂದು ದಿನ ಬಿಟ್ಟು ದಿನ ನುಂಗುತ್ತಿದ್ದರು. ಇನ್ನೊಬ್ಬರು ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದರು. ಯಾರೊಬ್ಬರೂ ನಮ್ಮ ಮೇಲೆ ಕೂಗಾಡಲಿಲ್ಲ. "ನಮ್ಮನ್ನ ಹುಡುಕ್ಕೊಂಡ್ ಬಂದ್ರಾ?" ಎಂದು ಕುರ್ಚಿ ಒರೆಸಿ ಹಾಕಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಹತ್ತಿರದ ಮಾದಿಹಳ್ಳಿಯ ಒಂದು ಮನೆಯಲ್ಲಿ ಮಾತ್ರ ಬೇರೆಯಾಯಿತು. ಮನೆಯ ಯಜಮಾನರು ಹಾಲಿನ ಕ್ಯಾನ್ ತೊಳೆಯುತ್ತಿದ್ದರು. ಮಗಳ ಹೆಸರು ಹೇಳಿ ವಿಷಯ ತಿಳಿಸುತ್ತಲೇ ಅವರು ಮುಖ ಗಂಟಿಕ್ಕಿದರು. "ನಮ್ಮನೇಲಿ ಯಾರ್ಗೂ ಅಂಥ ಕಾಯ್ಲೆ ಇಲ್ಲ ಕಣ್ರೀ. ನೀವು ಮನೆ ತಪ್ಪಿ ಬಂದಿದೀರಿ" ಎಂದರು. ಹಾಗೆಂದು ಒರಟಾಗಿ ಕಳಿಸಲಿಲ್ಲ, ಮಜ್ಜಿಗೆ ಕೊಡಿಸಿದರು. ಡಾಕ್ಟರು ವಾದಿಸದೆ ಮಜ್ಜಿಗೆ ಕುಡಿದು, "ಬಿಸಿಲಿಗೆ ತಂಪಾಯ್ತು" ಎಂದು ಎದ್ದರು.

ಜೀಪು ತೆಂಗಿನ ತೋಟದ ತಿರುವಿಗೆ ಬಂದಾಗ ಒಬ್ಬ ಹುಡುಗಿ ಬದುವಿನ ಮೇಲೆ ಓಡಿಬಂದು ಕೈ ಅಡ್ಡ ಹಿಡಿದಳು. ಏದುಸಿರು.

"ಅಕ್ಕ, ನಾನೇ ಸವಿತಾ. ಅಪ್ಪಯ್ಯಂಗೆ ನನ್ ಮದ್ವೆ ಚಿಂತೆ. ಊರಲ್ಲಿ ಗೊತ್ತಾದ್ರೆ ಅಂತ ಭಯ. ಮಾತ್ರೆ ನಿಂತ್ಮೇಲೆ ತಿರ್ಗ ಬಂತು. ಒಂದ್ಸಲ ಬಾವಿ ಕಟ್ಟೆ ಮ್ಯಾಲೆ ಕುಂತಿದ್ದೆ. ಅಮ್ಮ ಸೆರಗು ಹಿಡ್ಕೊಂಡ್ರು, ಇಲ್ಲಾಂದ್ರೆ..."

ಡಾಕ್ಟರು ಇಳಿದು, ತೆಂಗಿನ ಮರದ ಬುಡದಲ್ಲೇ ಅವಳನ್ನು ಕೂರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿ, ನಾಡಿ ನೋಡಿ ಮಾತ್ರೆ ಕೊಟ್ಟರು.

"ಮನೆ ಹತ್ರ ಬರ್ಬೇಡಿ. ಕಾಲೇಜಿಗೆ ಹೋಗೋವಾಗ ನಾನೇ ಸರೋಜಕ್ಕನ ಹತ್ರ ಈಸ್ಕೋತೀನಿ. ಕಂಪ್ಯೂಟರಲ್ಲಿ ನನ್ನ ಹೆಸ್ರು ಮಾತ್ರ ಬ್ಯಾಡ" ಎಂದಳು.

"ಬೇಡ ಅಂದ್ರೆ ಬೇಡ. ಮಾತ್ರೆ ಮಾತ್ರ ತಪ್ಪಿಸ್ಕೂಡದು" ಎಂದರು ಡಾಕ್ಟರು.

ಅರಸೀಕೆರೆಗೆ ಮರಳಿದ ಮೇಲೆ ನಾಗರಾಜನನ್ನು ಕರೆಸಿದೆ. ಪಟ್ಟಿಯನ್ನು ಅವನ ಮುಂದಿಟ್ಟು, ಕಂಡದ್ದನ್ನೆಲ್ಲ ಹೇಳಿದೆ. ಅವನು ಹಳೇಬೀಡಿನ ಹಿಂದಿನ ತಿಂಗಳುಗಳ ಲೆಕ್ಕವನ್ನು ಒಂದೊಂದಾಗಿ ಪರದೆಯ ಮೇಲೆ ತೆಗೆದು ನೋಡಿದ.

"ಟ್ರ್ಯಾಕ್ಟರ್ ಅಂಗಡೀಲಿ ಸಾಮಾನಿಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ ಮೇಡಂ. ಅವನು ಬಂದಿದ್ದ ಅಂತ ನನ್ನ ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ. ಬೇಡ ಅಂದೋನಿಗೂ ಸೊನ್ನೆ, ಸಿಗದೆ ಹೋದೋನಿಗೂ ಸೊನ್ನೆ."

"ಇಲ್ಲಿ ಪಕ್ಕದ ಅಂಗಡಿ ಇಲ್ಲ ನಾಗರಾಜ್" ಎಂದೆ.

"ಗೊತ್ತಾಯ್ತು" ಎಂದ. ಆ ವಾರವೆಲ್ಲ ಅವನು ನಮ್ಮಲ್ಲೇ ಉಳಿದು ಕೆಲಸ ಮಾಡಿದ. ಔಷಧ ಇಲ್ಲದಿದ್ದ ದಿನಗಳನ್ನು ಸರಾಸರಿಯಿಂದ ಹೊರಗೆ ತೆಗೆದ. ಕೇಳಿಕೊಂಡು ಬಂದು ಸಿಗದೆ ಹೋದವರನ್ನು ದಾಖಲಿಸಲು ಪರದೆಯ ಮೇಲೆ ಒಂದು ಜಾಗ ಮಾಡಿದ. ನಿತ್ಯ ನುಂಗಲೇಬೇಕಾದ ಮಾತ್ರೆಗಳಿಗೆ ಸರಾಸರಿಯನ್ನೇ ಕೈಬಿಟ್ಟ: ಯಾರು ಯಾರು, ದಿನಕ್ಕೆ ಎಷ್ಟು, ಅಷ್ಟು ಕಳಿಸುವುದು. ಅವರಲ್ಲಿ ಯಾರಾದರೂ ಬರದಿದ್ದರೆ ಬೇಡಿಕೆ ಇಳಿಯುವ ಬದಲು, ಅವರನ್ನು ವಿಚಾರಿಸಿ ಎಂದು ಪಟ್ಟಿಯ ತಲೆಯಲ್ಲೇ ಅಚ್ಚಾಗುತ್ತಿತ್ತು. ಸವಿತಾಳನ್ನು 'ಮಾದಿಹಳ್ಳಿ ಒಂದು' ಎಂದು ಸೇರಿಸಿಕೊಂಡೆವು. 'ಕಸ್ಟಮರ್' ಎನ್ನುವುದನ್ನೂ ಎಲ್ಲ ಕಡೆ ಅಳಿಸಿ 'ರೋಗಿ' ಮಾಡಿದ; ಅದನ್ನು ಮಾಡೆಂದು ಯಾರೂ ಹೇಳಿರಲಿಲ್ಲ.

ಕೆಲಸ ಮುಗಿದ ದಿನ ಅವನು ಹಾಸನದ ಬಸ್ ಹಿಡಿಯದೆ ಹಳೇಬೀಡಿಗೆ ಹೋದ. ಜಯಮ್ಮನ ಹೋಟೆಲ್ ಮತ್ತೆ ತೆರೆದಿತ್ತು; ಡಾಕ್ಟರು ಹೇಳಿದಂತೆ ಒಲೆಯ ಮುಂದೆ ಅವರ ನಾದಿನಿ ನಿಂತಿದ್ದರು, ಬಡಿಸುವುದು ಮಾತ್ರ ಜಯಮ್ಮನದು. ತಾನು ಯಾರೆಂದು ಹೇಳಿಕೊಳ್ಳದೆ ಎರಡು ತಟ್ಟೆ ಚಿತ್ರಾನ್ನ ತಿಂದು ಬಂದನಂತೆ. ಜಯಮ್ಮ ಎಡಗೈಯಲ್ಲಿ ಬಡಿಸುತ್ತಿದ್ದರು ಎಂದಷ್ಟೇ ನನಗೆ ಹೇಳಿದ. ಅವರ ಬಲಗೈ ಗಾಯವೇನೋ ಮಾಯಿತು, ಆದರೆ ಮೊಣಕೈ ಪೂರ್ತಿ ಚಾಚಲು ಬರದೇ ಹೋಯಿತು. ಫಿಟ್ಸ್ ಮತ್ತೆ ಬರಲಿಲ್ಲ.

ಆಮೇಲೆ ಎಷ್ಟೋ ಬದಲಾಯಿತು. ನಾಗರಾಜನ ಪ್ರೋಗ್ರಾಂ ಹಳೆಯದಾಗಿ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಬಂದವು. ತೋರಿಸಲು ಬಂದವರು ಬಣ್ಣ ಬಣ್ಣದ ನಕ್ಷೆ ತೋರಿಸಿ ಮುಗಿಸಿದ ಮೇಲೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಕಪಾಟು ಖಾಲಿಯಿದ್ದ ದಿನಗಳನ್ನು ಇದು ಹೇಗೆ ಲೆಕ್ಕ ಹಾಕುತ್ತದೆ?" ಕೆಲವರು ಥಟ್ಟನೆ ಉತ್ತರಿಸುತ್ತಿದ್ದರು. ಕೆಲವರು ಫೋನ್ ಹಿಡಿದು ಹೊರಗೆ ಹೋಗುತ್ತಿದ್ದರು. ಹುಡುಗಿಯರೇ, ನೀವೂ ಕೇಳಿ. ಓಕೆ ಒತ್ತಬೇಡಿ ಎಂದು ನಾನು ಹೇಳುತ್ತಿಲ್ಲ. ಯಂತ್ರ ನನ್ನ ಎಷ್ಟೋ ದಣಿವನ್ನು ತಪ್ಪಿಸಿದೆ, ನೂರಾರು ಔಷಧಗಳಲ್ಲಿ ನಾನು ಮರೆತದ್ದನ್ನು ಅದು ನೆನಪಿಸಿದೆ. ಸೊನ್ನೆ ಕಂಡ ಕಡೆ ಮಾತ್ರ ಒಂದು ಫೋನ್ ಮಾಡಿ.

ನನಗೆ ಸಿಕ್ಕ ಜನ ದೊಡ್ಡವರು. ಸಾರು ಹಾಕಿಸಿಕೊಂಡ ಮೇಲಧಿಕಾರಿ, ಜೀಪು ಹತ್ತಿ ರೋಗಿಯ ಮನೆಗೆ ಹೊರಟ ಡಾಕ್ಟರು, ತಾನು ಕಟ್ಟಿದ್ದನ್ನು ತಾನೇ ಒಡೆದು ಮತ್ತೆ ಕಟ್ಟಿದ ಎಂಜಿನಿಯರು. ಇಂಥವರ ನಡುವೆ ದುಡಿದೆ ಎನ್ನುವುದು ನನ್ನ ಪುಣ್ಯ.

ಜೀಪಿನ ಆ ಓಡಾಟವಾಗಿ ಕೆಲವು ವರ್ಷಗಳ ಮೇಲಿನ ಮಾತು. ದಾಸ್ತಾನು ನೋಡಲು ಹಳೇಬೀಡಿಗೆ ಹೋಗಿದ್ದೆ. ಅಷ್ಟರಲ್ಲಿ ಅಲ್ಲಿಗೂ ಬಂದಿದ್ದ ಕಂಪ್ಯೂಟರ್ ಮುಂದೆ ನಾನೇ ಕೂತಿದ್ದೆ. ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಸವಿತಾ ಒಳಗೆ ಬಂದಳು, ಹಿಂದೆ ಅವಳ ಗಂಡ. ಸರೋಜಮ್ಮ ಅವನನ್ನು ನೋಡಿ ಮಾತ್ರೆಯ ಪೊಟ್ಟಣವನ್ನು ಥಟ್ಟನೆ ಡ್ರಾಯರಿನೊಳಗೆ ಸರಿಸಿದರು.

"ಈಚೆಗೇ ಕೊಡಿ ಸರೋಜಕ್ಕ. ಇವ್ರಿಗೆ ಮದ್ವೆಗೆ ಮುಂಚೇನೆ ಹೇಳಿದ್ದೆ" ಎಂದಳು ಸವಿತಾ.

ಗಂಡ ತಲೆಯಾಡಿಸಿದ. "ಇವ್ಳು ಒಂದ್ ತಿಂಗ್ಳು ಬರ್ದೇ ಇದ್ರೆ ನಂಗೆ ಫೋನ್ ಮಾಡಿ ಮೇಡಂ. ನನ್ ನಂಬರ್ರೂ ಬರ್ಕೊಳ್ಳಿ" ಎಂದ.

ಸವಿತಾ ಮೇಜಿನ ಮೇಲೆ ಬಾಗಿ ಪರದೆಯನ್ನು ನೋಡಿದಳು. ಅಲ್ಲಿ 'ಮಾದಿಹಳ್ಳಿ ಒಂದು' ಎಂದಿತ್ತು.

"ಇದು ನಾನೇ ಅಲ್ವಾ ಅಕ್ಕ?"

"ಹೌದು."

"ಅಳಿಸ್ಬಿಡಿ."

ಅಳಿಸಿದೆ. ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. "ಸವಿತಾ ಅನ್ನೋಕೆ ಟಿ ಆದ್ಮೇಲೆ ಎಚ್ ಬರತ್ತಾ?" ಎಂದು ಕೇಳಿದೆ.

"ಬರತ್ತೆ. ಪೂರ್ತಿ ಹಾಕಿ" ಎಂದಳು.